ಕರೆಂಟ್ ಇಲ್ಲದಾಗ ತೆರೆದ ಬಾಗಿಲು

ನವೆಂಬರ್ 3, ಸೋಮವಾರ

ಮೂರನೆಯ ಸಾಫ್ಟ್‌ವೇರ್ ಟೂಲೂ ಇನ್‌ಸ್ಟಾಲ್ ಆಯಿತು. ಲೈಸೆನ್ಸ್ ಫೈಲ್ ಹಾಕುವುದಕ್ಕೇ ಅರ್ಧ ದಿನ. ನಾಳೆಯಿಂದ ಪರೀಕ್ಷೆ.

ನಮಗೆ ಆರ್ಡರ್ ಕೊಡುವ ವಸಂತನರಸಾಪುರದ ಪಾರ್ಟಿಯ ಹೊಸ ಷರತ್ತು — ಇನ್ನು ಮೇಲೆ ಕಂಟ್ರೋಲ್ ಪ್ಯಾನೆಲ್ಲಿನ ಪ್ರೋಗ್ರಾಂ ಕೈಯಲ್ಲಿ ಬರೆಯುವಂತಿಲ್ಲ. ಮಿಷನ್ ಯಾವ ಯಾವ ಸ್ಥಿತಿಯಲ್ಲಿ ಇರಬಹುದೋ ಅಷ್ಟು ವೃತ್ತ ಬರೆಯಬೇಕು. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕು ಅಂತ ಬಾಣ ಎಳೆಯಬೇಕು. ಕೋಡ್ ಬರೆಯುವುದು ಟೂಲಿನ ಕೆಲಸ. ಮೂರು ಟೂಲ್ ಹೋಲಿಸಿ, ಯಾವುದು, ಯಾಕೆ ಅಂತ ತಿಂಗಳ ಕೊನೆಗೆ ರಿಪೋರ್ಟ್. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಕಟ್ಟಿಕೊಂಡು ಬದುಕು ಶುರು ಮಾಡಿದ ಐಟಿಐ ಫಿಟ್ಟರ್ ಚನ್ನೇಶ, ಅಂದರೆ ನಾನು, ಈಗ ಪರೀಕ್ಷಕ.

ಟೂಲ್‌ಗಳಿಗೆ ಹೆಸರು ಇಟ್ಟಿದ್ದೇನೆ. ಅವುಗಳ ಅಸಲು ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಒಂದನೆಯದು ಪಟೇಲ — ಗತ್ತು, ನಿಧಾನ. ಎರಡನೆಯದು ಶಾನುಭೋಗ — ಮುಟ್ಟಿದ್ದಕ್ಕೆಲ್ಲ ಪ್ರಶ್ನೆ. ಮೂರನೆಯದು ಎಐ. ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಬರೆದುಕೊಡುತ್ತದೆ. ಅದಕ್ಕೆ ಮಾತುಗಾರ.

ನಂದಿತಾ ನಕ್ಕಳು. ನಮ್ಮ ಪ್ಯಾನೆಲ್ ಶಾಪಿನ ಏಕಮಾತ್ರ ಇಂಜಿನಿಯರು, ಮಗು ಆದಮೇಲೆ ಹೋದ ವರ್ಷ ಕೆಲಸಕ್ಕೆ ವಾಪಸ್ ಬಂದವಳು. "ಮೂರನೇದಕ್ಕೆ ನಿಮ್ಮ ಹೆಸ್ರೇ ಇಟ್ಟಂಗಾಯ್ತಲ್ಲ ಸರ್."

ಪರೀಕ್ಷೆಗೆ ನನ್ನದೇ ಪ್ರೋಗ್ರಾಂ ಆರಿಸಿದ್ದೇನೆ. ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುವ ಮಿಷನ್ನಿನದು. ಗುಬ್ಬಿ ಕಡೆ ಹನ್ನೊಂದು, ಕುಣಿಗಲ್ ಕಡೆ ಆರು, ಹೆಬ್ಬೂರಿನಲ್ಲಿ ಎರಡು — ಒಟ್ಟು ಹತ್ತೊಂಬತ್ತು ಮಿಷನ್. ಆರು ವರ್ಷ. ಪ್ರೋಗ್ರಾಂ ಮೇಲೆ ದೂರು: ಸೊನ್ನೆ.

ಮರೆಯಬಾರದು — 28ಕ್ಕೆ ಅಂಜಿನಪ್ಪನ ವಿಚಾರಣೆ. ಗುಬ್ಬಿಯ ರಂಗರಾಜು ಮಿಲ್ಲಿನಲ್ಲಿ ಜನವರಿಯಲ್ಲಿ ಬಲಗೈಯ ಮೂರು ಬೆರಳು ಕಳೆದುಕೊಂಡವನು. ಮಿಷನ್ನಿನದು ತಪ್ಪಲ್ಲ ಅಂತ ಫೆಬ್ರವರಿಯಲ್ಲಿ ನಾನು ರಿಪೋರ್ಟ್ ಕೊಟ್ಟಿದ್ದೆ. ಅದನ್ನೇ ಅಧಿಕಾರಿಯ ಮುಂದೆ ಬಾಯಲ್ಲಿ ಹೇಳಬೇಕು. ಹೇಳಿದರೆ ಅವನ ಪರಿಹಾರದ ಅರ್ಜಿ ವಜಾ. ಐದು ನಿಮಿಷದ ಕೆಲಸ.

ನವೆಂಬರ್ 5, ಬುಧವಾರ

ನನ್ನ ಚಿತ್ರದಲ್ಲಿ ಐದು ವೃತ್ತ. ನಿಂತಿದೆ. ಶುರುವಾಗುತ್ತಿದೆ. ಓಡುತ್ತಿದೆ. ಸಿಕ್ಕಿಕೊಂಡಿದೆ. ಕರೆಂಟ್ ಇಲ್ಲ.

ಪಟೇಲ: ನಾನು 612 ಸಾಲಿನಲ್ಲಿ ಬರೆದದ್ದನ್ನು 4,218 ಸಾಲು ಮಾಡಿದ. ಓಡುತ್ತದೆ. ಯಾಕೆ ಓಡುತ್ತದೆ ಅಂತ ಓದಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. "ಹೆಂಗಸು ಹುಟ್ಟಿದಾಳೆ, ಎರಡು ದಿನ ಟೈಮ್ ಕೊಡಿ" ಅಂದಳು ನಂದಿತಾ. ಹತ್ತಕ್ಕೆ ಐದು.

ಮಾತುಗಾರ: ಚಿತ್ರದ ಜೊತೆ ನನ್ನ ಹಳೆಯ ಕೋಡನ್ನೂ ಕೊಟ್ಟೆವು. ನಲವತ್ತು ಸೆಕೆಂಡ್. 590 ಸಾಲು, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಟಿಪ್ಪಣಿ. ಜೊತೆಗೆ ಒಂದು ಮಾತು — ಕರೆಂಟ್ ಹೋಗಿ ಬಂದಮೇಲೆ ನಿಂತಲ್ಲಿಂದಲೇ ಮುಂದುವರಿಯುವ ನಿಮ್ಮ ವಿನ್ಯಾಸ ತುಂಬ ಜಾಣತನದ್ದು ಅಂತ.

ಆರು ವರ್ಷದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಮಿಷನ್ ಮಾರಿದ್ದೇ ಆ ಒಂದು ಗುಣದ ಮೇಲೆ. ದಿನಕ್ಕೆ ಎಂಟು ಸಲ ಕರೆಂಟ್ ಹೋಗುವ ಕಡೆ ಎಂಟು ಸಲ ಬಟನ್ ಒತ್ತುವವರು ಯಾರು? ಕರೆಂಟ್ ಬಂದರೆ ಪಂಪನ್ನು ತಾನೇ ಎಬ್ಬಿಸುವ ಆಟೋ ಸ್ಟಾರ್ಟರಿನಲ್ಲಿ ಕಲಿತ ಬುದ್ಧಿ. ಹತ್ತಕ್ಕೆ ಒಂಬತ್ತು ಕೊಟ್ಟೆ. ನಂದಿತಾ ಆರು ಅಂದಳು. ಎಂಟೂವರೆಗೆ ಇಳಿದೆ.

ನವೆಂಬರ್ 7, ಶುಕ್ರವಾರ, ಬೆಳಗ್ಗೆ 11.30

ಶಾನುಭೋಗ ಕೋಡ್ ಬರೆಯಲೇ ಒಪ್ಪುತ್ತಿಲ್ಲ! ಇವನು ಮೊದಲು ಚಿತ್ರವನ್ನು ಪರೀಕ್ಷೆ ಮಾಡುತ್ತಾನೆ. ಎಲ್ಲ ಬಾಣಗಳನ್ನೂ ಎಲ್ಲ ಕ್ರಮದಲ್ಲೂ ಹಿಡಿದು ಓಡಾಡಿ ಬರುತ್ತಾನೆ. ಬಂದು ಒಂದು ಕೆಂಪು ಸಾಲು ತೋರಿಸುತ್ತಾನೆ. ಅಷ್ಟೇ. ಬೆಳಗ್ಗೆಯಿಂದ ಅದೇ ಸಾಲು.

ಓಡುತ್ತಿದೆ — ಕರೆಂಟ್ ಹೋಯಿತು — ಬಾಗಿಲು ತೆರೆಯಿತು — ಕರೆಂಟ್ ಬಂತು — ಓಡುತ್ತಿದೆ.

ಬಾಗಿಲು ಅಂದರೆ ಹಲ್ಲಿನ ಡ್ರಮ್ಮಿಗೆ ಮುಚ್ಚಿರುವ ಕಬ್ಬಿಣದ ಬಾಗಿಲು. ಅದನ್ನು ತೆಗೆದರೆ ಡ್ರಮ್ ನಿಲ್ಲಬೇಕು. ನಿಲ್ಲುತ್ತದೆ ಕೂಡ. ನಾನೇ ನೂರು ಸಲ ತೆಗೆದು ನೋಡಿದ್ದೇನೆ.

"ಕರೆಂಟೇ ಇಲ್ದಾಗ ಬಾಗ್ಲು ಯಾಕಮ್ಮ ತೆಗೀತಾರೆ?" ಅಂದೆ. "ಇವ್ನಿಗೆ ಮಾಡಕ್ ಕೆಲ್ಸ ಇಲ್ಲ. ಹಾಕು ಸೊನ್ನೆ."

ನಂದಿತಾ ಹಾಕಲಿಲ್ಲ. ಪೆನ್ನು ಹಿಡಿದುಕೊಂಡೇ ಕೂತಿದ್ದಳು.

"ಸರ್, ಮಿಕ್ಸಿ ಜಾರ್ ಒಳಗೆ ಕೈ ಹಾಕಿ ತೊಳೆಯೋವಾಗ ನಾನು ಪ್ಲಗ್ ಕಿತ್ತಿರ್ತೀನಿ. ಕರೆಂಟ್ ಇಲ್ದಾಗ್ಲೇ ಅಲ್ವಾ ಸರ್ ಒಳಗಡೆ ಕೈ ಹಾಕೋದು?"

ಸಂಜೆ 4.40

ಟೆಸ್ಟ್ ಬೆಂಚಿನ ಮೇಲೆ ಅದೇ ಪ್ಯಾನೆಲ್, ಅದೇ ಪ್ರೋಗ್ರಾಂ. ಓಡಿಸಿದೆ. ಮೇನ್ ಆಫ್ ಮಾಡಿದೆ. ಬಾಗಿಲಿನ ಸ್ವಿಚ್ ತೆರೆದೆ. ಮೇನ್ ಆನ್.

ಟಕ್.

ಮೋಟರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಕೂತಿತು. ಅಂದರೆ ಮಿಲ್ಲಿನಲ್ಲಾದರೆ ಬಾಗಿಲು ತೆರೆದೇ ಇದೆ, ಡ್ರಮ್ ತಿರುಗುತ್ತಿದೆ.

ವೈರ್ ಲೂಸ್ ಇರಬೇಕು ಅಂದುಕೊಂಡೆ. ಬಿಗಿ ಮಾಡಿದೆ. ಟಕ್. ಸ್ವಿಚ್ ಬದಲಾಯಿಸಿದೆ. ಟಕ್. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಟಕ್.

ಕೋಡ್ ತೆಗೆದು ನೋಡಿದರೆ ಮೂರೇ ಸಾಲಿನ ವಿಷಯ. ನನ್ನ ಪ್ರೋಗ್ರಾಂ ಬಾಗಿಲು ಅಲುಗುವ ಗಳಿಗೆಗೆ ಕಾಯುತ್ತದೆ. ಅಲುಗಿದರೆ ನಿಲ್ಲಿಸುತ್ತದೆ. ಕರೆಂಟ್ ಇಲ್ಲದಾಗ ಪ್ರೋಗ್ರಾಂ ಸತ್ತಿರುತ್ತದೆ. ಆಗ ಬಾಗಿಲು ಅಲುಗಿದರೆ ಅದಕ್ಕೆ ಕಾಣುವುದಿಲ್ಲ. ಕರೆಂಟ್ ಬಂದಮೇಲೆ ಎದ್ದು, ಓಡುತ್ತಿದ್ದೆ ಅಲ್ಲವೇ, ಓಡೋಣ ಅನ್ನುತ್ತದೆ. ಬಾಗಿಲು ಎಲ್ಲಿದೆ ಅಂತ ಒಮ್ಮೆ ತಿರುಗಿಯೂ ನೋಡುವುದಿಲ್ಲ.

ಬರೆದವನು ನಾನು.

ನವೆಂಬರ್ 12, ಬುಧವಾರ

ನಾಲ್ಕು ದಿನ ಏನೂ ಬರೆದಿಲ್ಲ. ಮಾಡಿದ್ದು ಒಂದೇ — ಹತ್ತೊಂಬತ್ತು ಮಿಲ್ಲಿಗೂ ಫೋನ್. ಮೇನ್ ಆಫ್ ಮಾಡಿ ಬೀಗ ಹಾಕದೆ ಬಾಗಿಲು ಮುಟ್ಟಬೇಡಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಎಲ್ಲರೂ ಆಗಲಿ ಅಂದರು. ಆಗಲಿ ಅನ್ನುವವರು ಏನು ಮಾಡುತ್ತಾರೆ ಅಂತ ನನಗೆ ಗೊತ್ತು.

ಇವತ್ತು ಫೆಬ್ರವರಿಯ ರಿಪೋರ್ಟ್ ತೆಗೆದೆ. "ಮಿಷನ್ ಚಾಲನೆಯಲ್ಲಿದ್ದಾಗಲೇ ಕೆಲಸಗಾರನು ಬಾಗಿಲು ತೆರೆದಿರುತ್ತಾನೆ. ನಿಯಂತ್ರಣ ವ್ಯವಸ್ಥೆಯಲ್ಲಿ ದೋಷವಿಲ್ಲ." ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ಎರಡು ಗೆರೆ ಬೇರೆ.

ತಪಾಸಣೆಗೆ ಹೋಗಿದ್ದ ದಿನ ಮಿಲ್ಲಿನ ಅಂಗಳದಲ್ಲಿ ಇಪ್ಪತ್ತು ಜನ. ಅಂಜಿನಪ್ಪ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಿದ್ದ. "ಕರೆಂಟ್ ಇರ್ಲಿಲ್ಲ ಸಾರ್. ಹೋದ್ಮೇಲೇ ನಾನ್ ಬಾಗ್ಲು ತಗ್ದಿದ್ದು" ಅಂದ.

ನಾನು ಅಂದೆ, "ಹೌದೇನಪ್ಪ? ಕರೆಂಟ್ ಇಲ್ದೆ ಮಿಷನ್ ಓಡ್ಸೋ ವಿದ್ಯೆ ನಮ್ಗೂ ಒಸಿ ಹೇಳ್ಕೊಡು. ಬಿಲ್ಲಾದ್ರೂ ಉಳೀತದೆ."

ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ. ಅದು ಈಗ ನೆನಪಾಗುತ್ತಿದೆ… ಅವನೂ ನಕ್ಕ.

ನವೆಂಬರ್ 14, ಶುಕ್ರವಾರ

ಗುಬ್ಬಿಗೆ ಹೋದೆ. ರಂಗರಾಜು ಊಟಕ್ಕೆ ಹೋಗಿದ್ದರು. ಕರೆಂಟೂ ಹೋಗಿತ್ತು. ಶೆಡ್ಡಿನೊಳಗೆ ಹೋಗಿ ನೋಡಿದರೆ ಬಾಗಿಲು ಪೂರ್ತಿ ತೆರೆದಿದೆ. ಕಲ್ಲಮ್ಮ, ಅಂಜಿನಪ್ಪನ ಜಾಗಕ್ಕೆ ಬಂದ ಹೆಂಗಸು, ಮೊಣಕೈವರೆಗೆ ಒಳಗೆ ಕೈ ಬಿಟ್ಟು ಹಲ್ಲಿಗೆ ಸುತ್ತಿಕೊಂಡ ನಾರು ಕೀಳುತ್ತಿದ್ದಾಳೆ.

ನಾನು ಕೂಗಿಕೊಂಡ ರೀತಿಗೆ ಅವಳು ಬೆಚ್ಚಿ ಹಿಂದಕ್ಕೆ ಬಿದ್ದಳು.

"ಏನ್ ಸಾರ್ ಹಿಂಗ್ ಕಿರುಚ್ಕೊಂತೀರಿ, ಎದೆ ಒಡ್ದೋಯ್ತು!"

"ಕರೆಂಟ್ ಬಂದ್ರೆ ಕೈ ಹೋಗ್ತದೆ ಕಣಮ್ಮ! ಮಿಷನ್ ತಾನೇ ಎದ್ದೇಳ್ತದೆ!"

"ಅಯ್ ಬುಡಿ, ಅದ್ಯಾರ್ಗ್ ಗೊತ್ತಿಲ್ಲ?" ಸೆರಗು ಕೊಡವಿಕೊಂಡಳು. "ಬಾಗ್ಲು ತಗ್ದಿದ್ರೂ ಎದ್ದೇಳ್ತದೆ. ಮೊದಲ್ನೇ ವರ್ಸದಿಂದ್ಲೂ ಹಂಗೇ. ತಾನೇ ಎದ್ದೇಳ್ತದೆ ಅಂತ ನೀವೇ ಹೇಳಿ ಕೂರಿಸ್ಕೊಟ್ ಹೋಗಿದ್ದಂತಲ್ಲ."

ನಾನು ಅಲ್ಲೇ ಸಿಪ್ಪೆಯ ರಾಶಿಯ ಮೇಲೆ ಕೂತೆ. ಅವರಿಗೆಲ್ಲ ಗೊತ್ತಿದೆ. ಅದು ಮಿಷನ್ನಿನ ಗುಣ ಅಂದುಕೊಂಡಿದ್ದಾರೆ. ಒದೆಯುವ ಹಸುವಿನ ಗುಣ ಇದ್ದ ಹಾಗೆ.

"ಮತ್ತೆ ಯಾವ ಧೈರ್ಯದ ಮೇಲೆ ಕೈ ಹಾಕ್ತಿದೀಯ?"

ಅವಳು ಕಂಬ ತೋರಿಸಿದಳು. ಮೊಳೆಗೆ ಒಂದು ಹಳೆಯ ಬಟನ್ ಫೋನ್, ಪ್ಲಾಸ್ಟಿಕ್ ಕವರಿನಲ್ಲಿ. ಲೈನ್‌ಮನ್ ಚಿಕ್ಕರಂಗಯ್ಯ ಲೈನ್ ಬಿಡುವ ಮುಂಚೆ ಅದಕ್ಕೆ ಮಿಸ್ ಕಾಲ್ ಕೊಡುತ್ತಾನಂತೆ. ಅವನ ಡ್ಯೂಟಿ ಏನಲ್ಲ. ಒಳ್ಳೆಯತನ. ಫೋನ್ ಕುಂಯ್ ಅಂದರೆ ಎಲ್ಲರೂ ಕೈ ಈಚೆಗೆ. ಬಾಗಿಲು ಮುಚ್ಚು. ಒಂದು ನಿಮಿಷದಲ್ಲಿ ಕರೆಂಟ್.

ಕರೆಂಟ್ ಇದ್ದಾಗ ಮಿಷನ್ ನಿಲ್ಲಿಸಿ ಕ್ಲೀನ್ ಮಾಡಬಾರದೇ ಅಂದೆ. "ಕರೆಂಟ್ ಇರೋ ಹೊತ್ನಲ್ಲಿ ನಿಲ್ಸಿದ್ರೆ ಧಣಿ ಸುಮ್ಕಿರ್ತಾರಾ? ನೀವ್ ಬಂದ್ ನಿಲ್ಸಿ ನೋಡಿ."

ನನ್ನ ಚಿತ್ರದಲ್ಲಿ ಐದು ವೃತ್ತ. ಆರನೆಯದು ಕಂಬದ ಮೊಳೆಯಲ್ಲಿ ನೇತಾಡುತ್ತಿದೆ.

"ಅಂಜಿನಪ್ಪನ ದಿನ ಏನಾಯ್ತು?"

"ಚಿಕ್ಕರಂಗಯ್ಯ ಮೊಮ್ಮಗೀನ ಮುಡಿ ಕೊಡಕ್ಕೆ ಯಡಿಯೂರಿಗೆ ಹೋಗಿದ್ದ. ಬೇರೆಯವ್ನು ಲೈನ್ ಬುಟ್ಟ. ಅವ್ನಿಗೇನ್ ಗೊತ್ತು ಪಾಪ."

"ಇದನ್ನ ಆವತ್ತು ಯಾಕೆ ಯಾರೂ ಹೇಳ್ಲಿಲ್ಲ?"

ಕಲ್ಲಮ್ಮ ನನ್ನನ್ನೇ ನೋಡಿದಳು. "ಹೇಳೋದ್ರೊಳ್ಗೆ ನೀವು ನಗ್ಸುಬುಟ್ರಂತೆ."

ಅದೇ ದಿನ, ಮಧ್ಯಾಹ್ನ 3.15

ರಂಗರಾಜು ಎಲ್ಲ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಎಲೆಯಡಿಕೆ ಮಡಚುತ್ತ, "ಚನ್ನೇಶಣ್ಣ, ತಪ್ಪು ಸಿಕ್ತು ಅಂದ್ಮೇಲೆ ಸರಿ ಮಾಡದೆ ಬಿಡಕ್ಕಾಗ್ತದಾ? ಹೊಸ ಪ್ರೋಗ್ರಾಂ ಹಾಕ್ಬುಡಿ, ಇವತ್ತೇ. ಆ ಹೆಣ್ಮಗಳ ಕೈ ಮುಖ್ಯ" ಅಂದರು.

ಎಂಥ ಮನುಷ್ಯ ಅಂದುಕೊಂಡೆ. ಲ್ಯಾಪ್‌ಟಾಪ್ ತೆರೆದು ಕೇಬಲ್ಲನ್ನೂ ಚುಚ್ಚಿದೆ.

ಅವರೇ ಮುಂದುವರಿಸಿದರು — "28ಕ್ಕೆ ಯಾರಾದ್ರೂ ಬಂದು ಚೆಕ್ ಮಾಡಿದ್ರೂ ಮಿಷನ್ ಅಪ್ಪಟ ಚಿನ್ನ. ಹಳೇದು ಎಲ್ಲಿದೆ? ಎಲ್ಲೂ ಇಲ್ಲ. ನಿಮ್ ಸಹಿನೂ ಉಳೀತು, ನನ್ ಮಿಲ್ಲೂ ಉಳೀತು."

ಕೇಬಲ್ ಕಿತ್ತೆ.

ಹಾಕದಿದ್ದರೆ ಕಲ್ಲಮ್ಮನ ಕೈ. ಹಾಕಿದರೆ ಈ ಮಿಷನ್ನಿನಲ್ಲಿ ಅಂಜಿನಪ್ಪನ ಕೈಗೆ ಇರುವ ಒಂದೇ ಸಾಕ್ಷಿ ಅಳಿಸಿಹೋಗುತ್ತದೆ. ನಂದಿತಾಗೆ ಫೋನ್ ಮಾಡಿದೆ. ಅವಳು ಒಂದು ಸೆಕೆಂಡೂ ತಗೊಳ್ಳಲಿಲ್ಲ. "ಅಳಿಸ್ಬೇಡಿ ಸರ್. ಪ್ರೋಗ್ರಾಂ ಇರೋ ಕಂಟ್ರೋಲರನ್ನೇ ಬಿಚ್ಚಿ ತಗೊಂಡ್ಬನ್ನಿ. ಹೊಸದು ನಾಳೆ ಹಾಕೋಣ. ಅಲ್ಲೀವರ್ಗೂ ಮಿಷನ್ ಓಡೋದು ಬೇಡ."

ಬಿಚ್ಚಿದೆ. ರಟ್ಟಿನ ಡಬ್ಬಿ, ಟೇಪ್, ಟೇಪಿನ ಮೇಲೆ ನನ್ನ ಸಹಿ. ಕಲ್ಲಮ್ಮನೂ ಸಾಕ್ಷಿ ಸಹಿ ಹಾಕಿದಳು, ಒಂದೊಂದೇ ಅಕ್ಷರ. ರಂಗರಾಜು ಬಾಗಿಲಲ್ಲಿ ನಿಂತಿದ್ದರು. "ಒಂದ್ ದಿನ ಮಿಲ್ ನಿಲ್ಸಿದ್ರಿ. ನೆನಪಿಟ್ಕೊಂಡಿರ್ತೀನಿ ಕಣಣ್ಣ." ಎಲೆಯಡಿಕೆ ಕೊಡಲಿಲ್ಲ.

ನವೆಂಬರ್ 15, ಶನಿವಾರ

ಮಾತುಗಾರನನ್ನೇ ಕೇಳಿದೆ — ಈ ಪ್ರೋಗ್ರಾಮಿನಲ್ಲಿ ಬಾಗಿಲ ಭದ್ರತೆ ಸರಿಯಿದೆಯೇ? ಸರಿಯಿದೆ ಅಂದಿತು. ಇನ್ನೂ ಭದ್ರ ಮಾಡು ಅಂದೆ. ಮಾಡಿದ್ದೇನೆ ಅಂದಿತು, ಚೆಂದದ ಮೂರು ಪ್ಯಾರಾ ವಿವರಣೆ. ಬೆಂಚಿಗೆ ಹಾಕಿದೆ. ಮೇನ್ ಆಫ್, ಬಾಗಿಲು, ಮೇನ್ ಆನ್.

ಟಕ್.

ನನ್ನ ಕೋಡ್ ಓದಿ ಕಲಿತದ್ದು. ನನ್ನ ತಪ್ಪನ್ನು ನನಗಿಂತ ಶುದ್ಧ ಭಾಷೆಯಲ್ಲಿ ಬರೆದಿದೆ. ಎಂಟೂವರೆ ಹೊಡೆದು ಹಾಕಿದೆ. ಕಾರಣದ ಕಾಲಂ: ನನ್ನ ಹಾಗೆಯೇ ಇದೆ. ಬೇಡ.

ಕೋಡ್ ಬೇಡ, ಬರೀ ಚಿತ್ರ ಕೊಟ್ಟು, ಯಾವ ಕ್ರಮದಲ್ಲಿ ತಪ್ಪಬಹುದು ಹೇಳು ಅಂತ ನಂದಿತಾ ಕೇಳಿದಳು. ಆಗ ಅದೇ ಕೆಂಪು ಸಾಲನ್ನು ಅದೂ ಹೇಳಿತು. ಹತ್ತನೆಯದಾಗಿ, ಒಂಬತ್ತು ಬೇಡದ್ದರ ಆಚೆ. ಕೇಳುವುದು ಗೊತ್ತಿದ್ದರೆ ಹೇಳುತ್ತದೆ. ನಾನು ಹೊಗಳಿಸಿಕೊಳ್ಳುವುದಕ್ಕೆ ಕೇಳಿದ್ದೆ.

ಚಿತ್ರದಲ್ಲಿ ಒಂದೇ ಬಾಣ ಬದಲಾಯಿಸಿದೆವು. ಕರೆಂಟ್ ಬಂದರೆ 'ನಿಂತಿದೆ'ಗೆ ಬಾ; ಮನುಷ್ಯ ಬಟನ್ ಒತ್ತದೆ ಓಡಬೇಡ. ಜೊತೆಗೆ ಬಾಗಿಲಿನ ಸ್ವಿಚ್ಚನ್ನು ನೇರ ಮೋಟರಿನ ಲೈನಿಗೇ ಕಟ್ಟು, ಪ್ರೋಗ್ರಾಂ ಏನೇ ಅಂದುಕೊಳ್ಳಲಿ. ಶಾನುಭೋಗ ತುಟಿಪಿಟಕ್ಕೆನ್ನದೆ ಕೋಡ್ ಕೊಟ್ಟ. ನಾನು ಆರು ವರ್ಷ ಮಾರಿದ ಗುಣ ಹೋಯಿತು.

ನವೆಂಬರ್ 22, ಶನಿವಾರ

ಹತ್ತೊಂಬತ್ತೂ ಮಿಷನ್ನಿಗೆ ಹೊಸ ಪ್ರೋಗ್ರಾಂ ಹಾಕಿ ಮುಗಿಯಿತು. ವಾರಪೂರ್ತಿ ಓಡಾಟ. ಕುಣಿಗಲ್ಲಿನ ಇಬ್ಬರು ಬೈದರು — ಬಟನ್ ಒತ್ತೋಕೆ ಆಳು ಎಲ್ಲಿಂದ ತರೋಣ ಅಂತ.

ಪಾರ್ಟಿಗೆ ರಿಪೋರ್ಟ್ ಹೋಯಿತು. ಆಯ್ಕೆ: ಶಾನುಭೋಗ. 'ಯಾಕೆ' ಅನ್ನುವ ಕಡೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕಳಿಸುವ ಮುಂಚೆ ನಂದಿತಾ ಕೇಳಿದಳು, "ಆರ್ಡರ್ ಹೋದ್ರೆ?" ಅವಳೇ ಒತ್ತಿದಳು ಸೆಂಡ್.

ನವೆಂಬರ್ 23, ಭಾನುವಾರ

ಅಂಜಿನಪ್ಪ ಈಗ ಕುಣಿಗಲ್ ಹತ್ತಿರ, ಹೆಂಡತಿಯ ತವರಿನಲ್ಲಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಎಲ್ಲ ವ್ಯರ್ಥ.

ಅವನು ನನ್ನನ್ನು ನೋಡಿ ಎದ್ದು ನಿಂತ. ಕುರ್ಚಿ ಒರೆಸಿದ, ಎಡಗೈಯಲ್ಲಿ.

"ನೀವ್ ಬರ್ಬೇಕಿತ್ತಾ ಸಾರ್? 28ಕ್ಕೆ ನಾನೇ ಸಹಿ ಹಾಕ್ಬುಡ್ತೀನಿ, ಅರ್ಜಿ ವಾಪಸ್ ಅಂತ. ಧಣಿ ವಾಚ್‌ಮನ್ ಕೆಲ್ಸ ಕೊಡ್ತಾರಂತೆ."

"ಯಾಕೆ ವಾಪಸ್?"

"ತಪ್ಪು ನಂದೇ ಅಲ್ವಾ. ಓಡ್ತಿದ್ದಾಗ್ಲೇ ತಗ್ದಿದೀನಿ."

ನನಗೆ ಕೇಳಿಸಿದ್ದು ಸರಿಯೇ ಅನ್ನಿಸಲಿಲ್ಲ. "ಕರೆಂಟ್ ಇರ್ಲಿಲ್ಲ ಅಂದಿದ್ಯಲ್ಲಪ್ಪ?"

"ಅಂದಿದ್ದೆ. ಆಮೇಲೆ ಯೋಚ್ನೆ ಮಾಡ್ದೆ ಸಾರ್. ಕರೆಂಟ್ ಇಲ್ದೆ ಹೆಂಗ್ ಓಡ್ತದೆ? ನೀವು ಓದ್ದೋರು, ಮಾಡ್ದೋರು. ನನ್ಗೇ ಏನೋ ಮಂಕು ಕವಿದಿತ್ತು."

ಅವನ ಹೆಂಡತಿ ಕೊಲ್ಲಾಪುರಮ್ಮ ಬಾಗಿಲ ಹಿಂದಿನಿಂದ ಅಂದಳು, "ದಿನಾ ಇದೇ ಸಾರ್. ರಾತ್ರಿ ಎದ್ದು ಕುಂತ್ಕೊಂಡು, ಕರೆಂಟ್ ಇತ್ತು ಕಣೇ, ಇದ್ದೇ ಇತ್ತು ಅಂತ ತನ್ಗೆ ತಾನೇ ಹೇಳ್ಕೊಂತಾನೆ."

ಬೆರಳನ್ನು ಮಿಷನ್ ತೆಗೆಯಿತು. ಅವನು ಕಣ್ಣಾರೆ ಕಂಡದ್ದನ್ನು ನಾನು ಕಿತ್ತುಕೊಂಡೆ.

ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಬರಲಿಲ್ಲ. ಕಾರಿನಿಂದ ಬೆಂಚಿನ ಪ್ಯಾನೆಲ್ ತಂದೆ, ಹಳೆಯ ಪ್ರೋಗ್ರಾಂ ಇರುವುದು. ಡ್ರಮ್ಮಿನ ಬದಲು ಒಂದು ಬಲ್ಬ್. ಗೋಡೆಯ ಪ್ಲಗ್ಗಿಗೆ ಚುಚ್ಚಿ ಓಡಿಸಿದೆ. ಬಲ್ಬ್ ಉರಿಯಿತು. "ಇದು ಮಿಷನ್. ಇದು ಬಾಗ್ಲು. ಈಗ ಕರೆಂಟ್ ಹೋಯ್ತು." ಪ್ಲಗ್ ಆಫ್. ಬಲ್ಬ್ ಆರಿತು. ಬಾಗಿಲಿನ ಸ್ವಿಚ್ ತೆರೆದೆ. "ಈಗ ಚಿಕ್ಕರಂಗಯ್ಯ ಊರಲ್ಲಿಲ್ಲ." ಪ್ಲಗ್ ಆನ್.

ಬಲ್ಬ್ ಉರಿಯಿತು.

ಅಂಜಿನಪ್ಪ ಬಗ್ಗಿ ನೋಡಿದ. "ಇನ್ನೊಂದ್ ಸಲ ಮಾಡಿ." ಮಾಡಿದೆ. "ಸರೀರಿ ಸಾರ್, ನಾನ್ ಮಾಡ್ತೀನಿ." ಎಡಗೈಯಲ್ಲಿ ಪ್ಲಗ್ ಆಫ್ ಮಾಡಿದ, ಬಾಗಿಲು ತೆಗೆದ, ಸ್ವಲ್ಪ ಹೊತ್ತು ಕಾದ, ಆನ್ ಮಾಡಿದ. ಎಷ್ಟು ಸಲ ಮಾಡಿದನೋ. ಎಲ್ಲವನ್ನೂ ಎಣಿಸುವ ನಾನು ಎಣಿಸಲಿಲ್ಲ.

ಕೊನೆಗೆ ಹೆಂಡತಿಯನ್ನು ಕರೆದ. "ಬಾ ಇಲ್ಲಿ. ನೋಡು. ಕರೆಂಟ್ ಇರ್ಲಿಲ್ಲ ಕಣೇ." ಇನ್ನೊಮ್ಮೆ ಪ್ಲಗ್ ಆನ್ ಮಾಡಿದ. "ಇರ್ಲಿಲ್ಲ."

ಕ್ಷಮೆ ಕೇಳಿದೆ. ಅವನು ಪರವಾಗಿಲ್ಲ ಅನ್ನಲಿಲ್ಲ. ಒಳ್ಳೆಯದೇ ಆಯಿತು.

ನವೆಂಬರ್ 28, ಶುಕ್ರವಾರ

ಐದು ನಿಮಿಷದ ಕೆಲಸ ಎರಡು ಗಂಟೆ ಹಿಡಿಯಿತು. ನನ್ನ ರಿಪೋರ್ಟ್ ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ರಂಗರಾಜು ಕಡೆಯ ವಕೀಲರು ಮೂರು ಸಲ ಕೇಳಿದರು, ಯಾರ ಒತ್ತಡಕ್ಕೆ ಹೀಗೆ ಹೇಳುತ್ತಿದ್ದೀರಿ ಅಂತ. ಮೂರು ಸಲವೂ ಸೀಲ್ ಮಾಡಿದ ಡಬ್ಬಿ ತೋರಿಸಿದೆ. ಅಂಜಿನಪ್ಪ ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿದ, "ಕರೆಂಟ್ ಇರ್ಲಿಲ್ಲ ಸ್ವಾಮಿ." ಅಷ್ಟೇ ಹೇಳಿದ. ಯಾರೂ ನಗಲಿಲ್ಲ. ಅಧಿಕಾರಿ ಬರೆದುಕೊಂಡರು. ಡಬ್ಬಿ ಪರೀಕ್ಷೆಗೆ ಹೋಗುತ್ತದೆ, ಕೇಸ್ ಮುಂದುವರಿಯುತ್ತದೆ.

ಏಳುವ ಹೊತ್ತಿಗೆ ಅಧಿಕಾರಿ ಕನ್ನಡಕ ತೆಗೆದು ಕೇಳಿದರು. "ಇದೇ ಪ್ರೋಗ್ರಾಂ ಬೇರೆ ಹದಿನೆಂಟು ಕಡೆ ಇತ್ತು ಅಂದ್ರಿ. ಅಲ್ಲೆಲ್ಲ ಯಾರಿಗೂ ಏನೂ ಆಗಿಲ್ವಾ?"

ದೂರು ಸೊನ್ನೆ ಅನ್ನಲು ಬಾಯಿ ತೆರೆದೆ. ಮುಚ್ಚಿದೆ. ಹದಿನೆಂಟು ಕಡೆಗೂ ಹೋಗಿ ಬಂದಿದ್ದೇನೆ. ಒಂದು ಕಡೆಯೂ ಕೇಳಿಲ್ಲ.

ಸಂಜೆ 5.20

ನಂದಿತಾ ಪಟ್ಟಿ ಮಾಡಿ ಎದುರಿಗೆ ಕೂತಿದ್ದಾಳೆ. ಮೊದಲನೆಯದು ಹೆಬ್ಬೂರು. ಓನರ್ ಎತ್ತಿದರು. ಮಿಷನ್ ಚೆನ್ನಾಗಿದೆ ಅಂದರು, ಮಳೆ ವಿಚಾರ, ನಾರಿನ ರೇಟ್. ನೇರ ಕೇಳಿದೆ — ಈ ಆರು ವರ್ಷದಲ್ಲಿ ನಿಮ್ಮಲ್ಲಿ ಯಾರ ಕೈಗಾದರೂ…

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಗೆ ಯಾರ್ ಹೇಳಿದ್ರು?"

ಕೇಳಬೇಕಾದ ಮಿಲ್ಲು ಇನ್ನೂ ಹದಿನೇಳು —